ತುಳಿದ ಬಟ್ಟೆ

ಇಪ್ಪತ್ತೊಂಬತ್ತು ವರ್ಷ ಈ ಕಣಿವೆಯಲ್ಲಿ ಟಪಾಲು ಹಂಚಿದೆ.
ವಾಕರ್ ಎಂದು ಬರೆದ ಲಕೋಟೆ
ದಿನಕ್ಕೆ ಹತ್ತಾದರೂ ಇರುತ್ತಿತ್ತು ಚೀಲದಲ್ಲಿ:
ಕೀಲಿಕೈ ಮಾಡುವ ವಾಕರ್, ಹಲ್ಲು ಕೀಳುವ ವಾಕರ್,
ಸೇತುವೆ ಪಕ್ಕದ, ಯಾರ ಕಾಗದವನ್ನೂ ಒಡೆಯದ
ವಾಕರ್ ಮುದುಕಿ, ಆಕೆಯ ನಾಯಿ.
ತವರಿನಲ್ಲಿ ನಾನೂ ವಾಕರ್ ಆಗಿದ್ದವಳೇ.

"ಹೆಸರಿಗೆ ತಕ್ಕ ಕೆಲಸ" ಅಂತ ನಗುತ್ತಿದ್ದ ಪೋಸ್ಟ್‌ಮಾಸ್ಟರ್ ಸಟ್‌ಕ್ಲಿಫ್,
ಪ್ರತಿ ಸೋಮವಾರ ಅದೇ ನಗೆ.
ನಾನೂ ಹಾಗೇ ಅಂದುಕೊಂಡಿದ್ದೆ:
ನಮ್ಮ ಹಿರೀಕ ಯಾರೋ ದೂರ ನಡೆದಿರಬೇಕು,
ಕೋಲೂರಿಕೊಂಡು, ಗುಡ್ಡ ಹತ್ತಿಳಿದು, ಯಾವುದೋ ಯಾತ್ರೆಗೆ.

ಇಲ್ಲ.
ಒಂದು ಹೆಜ್ಜೆ ಮುಂದೆ ಹೋದವನಲ್ಲ ಅವನು.
ತುಳಿದದ್ದು ಬಟ್ಟೆಯನ್ನೇ. ದಾರಿಯನ್ನಲ್ಲ.

ಮಗ್ಗದಿಂದ ಇಳಿದ ಉಣ್ಣೆ ಒರಟು, ಜಾಳುಜಾಳು,
ಒತ್ತಿದರೆ ಬೆರಳು ಆಚೆ ಬರುತ್ತದೆ.
ಅದನ್ನು ಬಾನಿಗೆ ಹಾಕಿ,
ಊರವರು ಬಾಗಿಲ ಹೊರಗಿಟ್ಟ ರಾತ್ರಿಯ ಉಚ್ಚೆಯನ್ನು
ಹುಳಿ ಬರಿಸಿ ಸುರಿದು,
ಚಲ್ಲಣ ಮೊಣಕಾಲ ಮೇಲಕ್ಕೆತ್ತಿ ಇಳಿಯುತ್ತಿದ್ದ.
ತುಳಿ, ತಿರುವು, ತುಳಿ.
ಹಗಲಿಗೆ ಐದಾರು ಹರದಾರಿ ನಡೆದು
ಸಂಜೆ ಅದೇ ಬಾನಿಯಿಂದ ಕಾಲು ತೆಗೆಯುತ್ತಿದ್ದ.
ಆ ಹೊಲಸಿನಲ್ಲೇ ಬಟ್ಟೆ ಮಡಿಯಾಗುತ್ತಿತ್ತು,
ಮುದುರಿ, ಬಿಗಿದು, ಬೆಚ್ಚಗೆ,
ಯಾರದೋ ಹೆಗಲಿಗೆ.

ವಿಲ್ ಇರಬಹುದು ಅವನ ಹೆಸರು, ವ್ಯಾಟ್ ಇರಬಹುದು.
ಊರಲ್ಲಿ ವಿಲ್‌ಗಳೇ ಹತ್ತು ಜನ.
ತೆರಿಗೆ ಬರೆಯಲು ಬಂದ ಗುಮಾಸ್ತ
ಮೂಗು ಮುಚ್ಚಿಕೊಂಡು ಕೇಳಿದ: ಯಾವ ವಿಲ್?
ತುಳಿಯೋ ವಿಲ್, ಅಂದರು ಯಾರೋ.
ಮಸಿ ಆರಿತು.

ಆಮೇಲೆ ಹೊಳೆಗೆ ಚಕ್ರ ಕಟ್ಟಿದರು, ಚಕ್ರಕ್ಕೆ ಮರದ ಕೊಡತಿ.
ಕಾಲಿನ ಕೆಲಸ ನೀರು ಮಾಡಿತು.
ಕಾಲಿನ ನಾತ ಎರಡು ತಲೆಮಾರಿಗೆ ಹೋಯಿತು.
ಹೆಸರು ಹೋಗಲಿಲ್ಲ.

ಡೆವನ್ನಿನವನನ್ನು ಮದುವೆಯಾಗಿ ನಾನು ಮಿಸೆಸ್ ಟಕರ್ ಆದೆ.
ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ಕೈ ಕೊಂಚ ನಡುಗಿತ್ತು,
ಏನೋ ಬಿಟ್ಟುಬಂದ ಹಾಗೆ.
ಮೂವತ್ತು ವರ್ಷ ಕಳೆದ ಮೇಲೆ ತಿಳಿಯಿತು:
ಆ ತೆಂಕು ಪಡುವಲ ಸೀಮೆಯಲ್ಲಿ
ಬಟ್ಟೆ ತುಳಿಯುವವನಿಗೇ ಟಕರ್ ಅನ್ನುತ್ತಿದ್ದರು;
ಮೂಡಲ ಕಡೆ ಫುಲ್ಲರ್.
ಬಾನಿ ಬದಲಾಗಿತ್ತು, ಅಷ್ಟೆ.
ರೆಜಿಗೆ ಹೇಳಿದೆ. ಟೀ ಕಪ್ಪು ಕೆಳಗಿಟ್ಟು
ತನ್ನ ಪಾದವನ್ನೇ ನೋಡಿಕೊಂಡ, ಬಹಳ ಹೊತ್ತು.

ಗ್ರಂಥಾಲಯದ ಹುಡುಗಿ ನಕ್ಷೆ ತೋರಿಸಿದಳು,
ಹೆಸರು ದಟ್ಟವಾದಲ್ಲಿ ನೀಲಿ ದಟ್ಟ.
ನಮ್ಮ ಯಾರ್ಕ್‌ಶೈರ್, ಅದರ ಮೇಲೆ ಡರಮ್,
ದವತಿ ಉರುಳಿದ ಹಾಗೆ. ತೆಂಕಕ್ಕೆ ಹೋದಂತೆ ತಿಳಿ.
ಕಡಲಾಚೆ ಹೊಬಾರ್ಟ್, ಕುರಿ ಕದ್ದು ಹೋದವರೋ ಏನೋ.
ಒಟಾಗೋ. ಟೊರಾಂಟೋ.
ಮತ್ತೆ ಜಮೈಕಾ.

ಅಲ್ಲಿ ಬೆರಳು ನಿಂತಿತು.

ಹ್ಯಾಲಿಫ್ಯಾಕ್ಸ್ ಬಸ್ಸಿನ ಡ್ರೈವರ್ ಆಸ್ಟನ್ ವಾಕರ್.
"ನಾವು ನೆಂಟರಲ್ಲವೇನಯ್ಯ" ಅಂದಿದ್ದೆ ಒಮ್ಮೆ, ತಮಾಷೆಗೆ.
ಚಿಲ್ಲರೆ ಎಣಿಸುತ್ತಲೇ ಅಂದಿದ್ದ:
"ನಿಮ್ಮದು ಹೇಗೆ ಬಂತೋ ಗೊತ್ತಿಲ್ಲ.
ನಮ್ಮಜ್ಜಿಯ ಮುತ್ತಜ್ಜಿಗೆ ಬಂದದ್ದು
ಕಬ್ಬಿನ ತೋಟದ ಲೆಕ್ಕದ ಪುಸ್ತಕದಲ್ಲಿ,
ಎರಡು ಹೇಸರಗತ್ತೆಗಳ ನಡುವಿನ ಸಾಲಿನಲ್ಲಿ.
ಅದಕ್ಕೆ ಮುಂಚೆಯೂ ಅವಳಿಗೊಂದು ಹೆಸರಿತ್ತು."

ನಕ್ಷೆಯಲ್ಲಿ ಆ ಹೆಸರಿಗೆ ಬಣ್ಣವಿಲ್ಲ.

ಹುಡುಗಿ ಇನ್ನೊಂದು ಪುಟ ತಿರುವಿದಳು:
ಈ ಕಡೆಯ ಒರಟು ಉಣ್ಣೆ, ಅತಿ ಅಗ್ಗದ್ದು,
ಗಜದ ಲೆಕ್ಕದಲ್ಲಿ ಹಡಗೇರಿ ಹೋಗುತ್ತಿತ್ತಂತೆ ಆ ತೋಟಗಳಿಗೆ,
ಅಂಥವಳು ಉಡಲೆಂದು.
ಸುಡುವ ಬಿಸಿಲಲ್ಲಿ, ಉಣ್ಣೆ.

ಮರುದಿನ ಬಸ್ಸು ಬಂತು, ತಡವಾಗಿಯೇ.
"ಹತ್ತಿ ಮಿಸೆಸ್ ಟಕರ್, ಮಂಡಿ ಹೇಗಿದೆ?"
ಪಾಸು ತೋರಿಸಿದೆ.
ಹೇಳಬೇಕೆಂದು ನಾಲಗೆ ತುದಿಗೆ ತಂದುಕೊಂಡಿದ್ದೆಲ್ಲ
ಅಲ್ಲೇ ಉಳಿಯಿತು.
ಹಿಂದೆ ಜನ ನಿಂತಿದ್ದರು, ನಡೆಯಿರಿ ಮುಂದೆ ಅನ್ನುತ್ತ.